ದಟ್ಟಿ ಕೊಟ್ಟವರು, ಮೊಳ ಹಾಕಿದವರು



2025ರ ಆಗಸ್ಟ್ 15ರಂದು ನಮ್ಮ ಸಂಘದ ಅಂಗಳದಲ್ಲಿ ಧ್ವಜಾರೋಹಣ ಮುಗಿದು, ಉಪ್ಪಿಟ್ಟು ಕೇಸರಿಬಾತಿನ ತಟ್ಟೆ ಕೈಗೆ ಬಂದಾಗ ನಿಮ್ಮವರೇ ಇಬ್ಬರ ನಡುವೆ ದೊಡ್ಡ ವಾದ ಹತ್ತಿಕೊಂಡಿತ್ತು. ಹೆಸರು ಬೇಡ, ಇಬ್ಬರೂ ನನಗೆ ಬೇಕಾದವರೇ. ಹುಡುಗಿ ನಾಲ್ಕು ವರ್ಷ ಕ್ಷಯರೋಗದ ಒಂದು ಯೋಜನೆಯಲ್ಲಿ ಕೆಲಸ ಮಾಡಿದವಳು. ಹಳ್ಳಿ ಹಳ್ಳಿಗೆ ಹೋಗಿ, ರೋಗಿಗಳು ಮಾತ್ರೆ ಬಿಡದಂತೆ ನೋಡಿಕೊಳ್ಳುವ ಕೆಲಸ. ಹಣ ಬರುತ್ತಿದ್ದದ್ದು ಅಮೆರಿಕದ ನೆರವಿನ ಸಂಸ್ಥೆಯಾದ ಯು.ಎಸ್. ಏಡ್‌ನಿಂದ. ಫೆಬ್ರವರಿಯಲ್ಲಿ ಒಂದು ಸಣ್ಣ ಪತ್ರ ಬಂತು, ಕೆಲಸ ನಿಂತಿತು. ಹುಡುಗ ಹೇಳಿದ: "ಮುಚ್ಚಿದ್ದೇ ಒಳ್ಳೆಯದಾಯಿತು. ಅವರೇನು ಪುಣ್ಯಕ್ಕೆ ಕೊಟ್ಟರೇ? ನಮ್ಮ ಅಜ್ಜಿಯ ಕಾಲದಲ್ಲಿ ದನವೂ ಮೂಸದ ಗೋಧಿ ಕೊಟ್ಟು ನಮ್ಮನ್ನು ಭಿಕ್ಷುಕರನ್ನಾಗಿ ಮಾಡಿದರು. ಜೊತೆಗೆ ಗಾಜರ್ ಗವತ್ ಬೇರೆ!" ಹುಡುಗಿಯ ಮುಖ ಸಣ್ಣದಾಯಿತು. "ಹಾಗಾದರೆ ನಾನು ನಾಲ್ಕು ವರ್ಷ ಹಂಚಿದ ಮಾತ್ರೆಯೂ ಮೋಸವೇ?" ಎಂದು ಕೇಳಿದಳು. ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿ "ನೀವು ಹೇಳಿ ಆಂಟಿ" ಎಂದರು. ನನ್ನ ಬಾಯಿ ತುಂಬ ಉಪ್ಪಿಟ್ಟಿತ್ತು. ಅಂಕಣದಲ್ಲಿ ಬರೆಯುತ್ತೇನೆ ಎಂದು ಕೈಸನ್ನೆ ಮಾಡಿ ತಪ್ಪಿಸಿಕೊಂಡೆ. ಈಗ ಬರೆಯಬೇಕಾಗಿದೆ.

ನಮ್ಮಲ್ಲಿ ಒಂದು ಗಾದೆಯಿದೆ: ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದರಂತೆ. ದಟ್ಟಿ ಎಂದರೆ ಉಡುವ ಬಟ್ಟೆಯ ತುಂಡು. ಪುಕ್ಕಟೆ ಕೊಟ್ಟದ್ದನ್ನು ಎಷ್ಟು ಮೊಳ ಇದೆ ಎಂದು ಅಳೆಯುವ ಕೃತಘ್ನರನ್ನು ಕುರಿತ ಮಾತು ಇದು. ನಮ್ಮ ಮನೆಯಲ್ಲಿ ಇದನ್ನು ಬೈಗುಳದಂತೆ ಬಳಸುತ್ತಿದ್ದರು. ಆದರೆ ಒಬ್ಬ ಇತಿಹಾಸಕಾರನ ಪುಸ್ತಕ ಓದಿದ ಮೇಲೆ, ಹಿತ್ತಿಲಿಗೆ ಹೋಗಿ ಮೊಳ ಹಾಕುವುದೇ ಇತಿಹಾಸಕಾರನ ವೃತ್ತಿ ಎಂದು ನನಗೆ ಅನ್ನಿಸಿಬಿಟ್ಟಿದೆ. ಆತ ಡೇವಿಡ್ ಎಂಗರ್‌ಮನ್ ಎಂಬ ಅಮೆರಿಕದ ಪ್ರಾಧ್ಯಾಪಕ. ಪುಸ್ತಕ 2018ರಲ್ಲಿ ಬಂದ 'ದಿ ಪ್ರೈಸ್ ಆಫ್ ಏಡ್', ಅಂದರೆ ನೆರವಿನ ಬೆಲೆ. ಭಾರತಕ್ಕೆ ಅಮೆರಿಕ ಮತ್ತು ರಷ್ಯಾ ಪೈಪೋಟಿಯಲ್ಲಿ ಕೊಟ್ಟ ನೆರವಿನ ಕಥೆ. ಆತ ವಾಷಿಂಗ್ಟನ್ನಿನ ಕಡತಗಳನ್ನಷ್ಟೇ ಓದಿ ಕೂರಲಿಲ್ಲ, ಮಾಸ್ಕೋದ ಮತ್ತು ನಮ್ಮ ದೆಹಲಿಯ ಕಡತಗಳನ್ನೂ ಬಿಡಿಸಿ ನೋಡಿದ. ಕೊಟ್ಟವನ ಲೆಕ್ಕದ ಪಕ್ಕದಲ್ಲಿ ತೆಗೆದುಕೊಂಡವನ ಲೆಕ್ಕ ಇಟ್ಟು ನೋಡಿದರೆ ಚಿತ್ರವೇ ಬೇರೆಯಾಗುತ್ತದೆ.

ಮೊದಲು ಕೊಟ್ಟವನ ಲೆಕ್ಕ ನೋಡೋಣ. ಎರಡನೆಯ ಮಹಾಯುದ್ಧದ ನಂತರ 1948ರಿಂದ 1952ರವರೆಗೆ ಅಮೆರಿಕ ಪಶ್ಚಿಮ ಯೂರೋಪಿನ 16 ದೇಶಗಳಿಗೆ ಸುಮಾರು 1,300 ಕೋಟಿ ಡಾಲರ್ ಕೊಟ್ಟಿತು. ಅದೇ ಮಾರ್ಷಲ್ ಯೋಜನೆ. ಬಡತನವಿದ್ದಲ್ಲಿ ಕಮ್ಯೂನಿಸಂ ಬೇರು ಬಿಡುತ್ತದೆ ಎಂಬ ಭಯ ಅದರ ಹಿಂದಿತ್ತು. 1949ರ ಜನವರಿ 20ರಂದು ಅಧ್ಯಕ್ಷ ಟ್ರೂಮನ್ ತಮ್ಮ ಪ್ರಮಾಣವಚನದ ಭಾಷಣದಲ್ಲಿ ಅದೇ ವಿಚಾರವನ್ನು ಏಷ್ಯಾ, ಆಫ್ರಿಕಾಗಳಿಗೂ ಹಿಗ್ಗಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ನೆಹರೂ ಅಮೆರಿಕಕ್ಕೆ ಹೋದಾಗ ಗೋಧಿಯ ಮಾತು ಬಂತು, ಆದರೆ ಗೋಧಿ ಬರಲಿಲ್ಲ. 1951ರಲ್ಲಿ ನಮ್ಮಲ್ಲಿ ಕ್ಷಾಮದ ಭಯ ಎದ್ದಾಗ 20 ಲಕ್ಷ ಟನ್ ಧಾನ್ಯ ಕೇಳಿದೆವು. ಅಮೆರಿಕದ ಸಂಸತ್ತು ತಿಂಗಳುಗಟ್ಟಲೆ ಚರ್ಚೆ ಮಾಡಿತು. ನೆಹರೂ ಕೊರಿಯಾ, ಚೀನಾಗಳ ವಿಷಯದಲ್ಲಿ ನಮ್ಮ ಜೊತೆ ನಿಲ್ಲುವುದಿಲ್ಲವಲ್ಲ ಎಂದು ಕೆಲವರು, ಕೇರಳದ ಕಡಲತಡಿಯಲ್ಲಿ ಸಿಗುವ ಮೊನಜೈಟ್ ಮರಳನ್ನು ಕೊಡಲಿ ಎಂದು ಕೆಲವರು. ಆ ಮರಳಿನಲ್ಲಿ ಅಣುಶಕ್ತಿಗೆ ಬೇಕಾದ ಥೋರಿಯಂ ಇದೆ. ಕೊನೆಗೆ ಜೂನ್ 15ರಂದು ಕಾನೂನಿಗೆ ಸಹಿ ಬಿತ್ತು. ಅದು ದಾನವೂ ಅಲ್ಲ, 19 ಕೋಟಿ ಡಾಲರಿನ ಸಾಲ. ಅಷ್ಟರಲ್ಲಿ ಚೀನಾದ ಅಕ್ಕಿಯೂ ರಷ್ಯಾದ ಗೋಧಿಯೂ ನಮ್ಮ ಬಂದರು ಸೇರುತ್ತಿದ್ದವು.

ಹುಡುಗನ ಪಕ್ಷ ಗೆದ್ದಿತು ಎಂದು ಈಗಲೇ ಚಪ್ಪಾಳೆ ತಟ್ಟಬೇಡಿ.

ನಿಮ್ಮ ಅಜ್ಜಿಯರು 'ಪಿ.ಎಲ್. ಗೋಧಿ' ಎನ್ನುತ್ತಿದ್ದ ಗೋಧಿ ಬಂದದ್ದು ಇದರ ನಂತರ. ಪಿ.ಎಲ್. 480 ಎಂದರೆ 480ನೆಯ ಸಾರ್ವಜನಿಕ ಕಾನೂನು. 1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ್ದು. ಅದು ಹುಟ್ಟಿದ್ದು ನಮ್ಮ ಹಸಿವಿನಿಂದಲ್ಲ, ಅವರ ಅಜೀರ್ಣದಿಂದ. ಅಲ್ಲಿನ ಸರ್ಕಾರ ರೈತರಿಗೆ ಬೆಂಬಲ ಬೆಲೆ ಕೊಟ್ಟು ಕೊಂಡು ಕೊಂಡು ಉಗ್ರಾಣಗಳು ತುಂಬಿದ್ದವು. ಸಾಲದೆಂದು, ಯುದ್ಧ ಮುಗಿದು ಹಡ್ಸನ್ ನದಿಯಲ್ಲಿ ಸುಮ್ಮನೆ ನಿಂತಿದ್ದ ಹಡಗುಗಳ ಹೊಟ್ಟೆಯಲ್ಲೂ ಗೋಧಿ ತುಂಬಿಟ್ಟಿದ್ದರು. ಇಟ್ಟುಕೊಳ್ಳುವುದಕ್ಕೂ ಖರ್ಚು, ಸುರಿದರೂ ಪಾಪ. ಆಗ ಹೊಳೆದ ಉಪಾಯವೇ ಈ ಕಾನೂನು. ಡಾಲರ್ ಇಲ್ಲದ ದೇಶಗಳು ತಮ್ಮ ತಮ್ಮ ನಾಣ್ಯದಲ್ಲೇ ಹಣ ಕೊಟ್ಟು ಧಾನ್ಯ ಕೊಳ್ಳಬಹುದು.

ಇದನ್ನು ಮನೆವಾರ್ತೆಯ ಭಾಷೆಯಲ್ಲಿ ಹೇಳುತ್ತೇನೆ. ಬೀದಿಯ ಕಿರಾಣಿ ಅಂಗಡಿಯವನು ಹೀಗೆನ್ನುತ್ತಾನೆ ಅಂದುಕೊಳ್ಳಿ: "ಅಮ್ಮಾ, ನಿಮ್ಮ ಹತ್ತಿರ ನಗದು ಇಲ್ಲವೆಂದು ಗೊತ್ತು. ಗೋಧಿ ತೆಗೆದುಕೊಂಡು ಹೋಗಿ. ಹಣವನ್ನು ನಿಮ್ಮ ಮನೆಯ ಡಬ್ಬಿಯಲ್ಲೇ ನನ್ನ ಹೆಸರಿನಲ್ಲಿ ಹಾಕಿಡಿ. ಅದನ್ನು ಹೊರಗೆ ಒಯ್ಯುವುದಿಲ್ಲ, ನಿಮ್ಮ ಮನೆಯಲ್ಲೇ ಖರ್ಚು ಮಾಡುತ್ತೇನೆ." ಅರ್ಧದಷ್ಟು ಮೂಟೆಗಳನ್ನು ಅವನ ಗಾಡಿಯಲ್ಲೇ ತರಿಸಬೇಕು ಎಂಬ ಷರತ್ತೂ ಇತ್ತು: ಕನಿಷ್ಠ ಅರ್ಧ ಸರಕು ಅಮೆರಿಕದ ಹಡಗಿನಲ್ಲೇ ಬರಬೇಕೆಂಬ ಕಾನೂನು. ಡಬ್ಬಿಯ ಹಣದಲ್ಲಿ ಒಂದು ಪಾಲು ಅವರ ರಾಯಭಾರ ಕಚೇರಿಯ ಖರ್ಚಿಗೆ, ದೊಡ್ಡ ಪಾಲು ನಮ್ಮ ಸರ್ಕಾರಕ್ಕೇ ಯೋಜನೆಗಳಿಗಾಗಿ ಸಾಲವಾಗಿ. ಹೀಗೆ ಡಬ್ಬಿ ತುಂಬುತ್ತಲೇ ಹೋಯಿತು. ಮೊದಲ ಒಪ್ಪಂದ 1956ರ ಆಗಸ್ಟಿನಲ್ಲಿ. 1960ರ ಮೇ 4ರಂದು ನಮ್ಮ ಆಹಾರ ಮಂತ್ರಿ, ಮುಂಬಯಿಯ ಎಸ್.ಕೆ. ಪಾಟೀಲ್, ಐಸೆನ್‌ಹೋವರ್ ಜೊತೆ ಸಹಿ ಮಾಡಿದ ಒಪ್ಪಂದವಂತೂ ನಾಲ್ಕು ವರ್ಷಕ್ಕೆ 160 ಲಕ್ಷ ಟನ್ ಗೋಧಿ ಮತ್ತು 10 ಲಕ್ಷ ಟನ್ ಅಕ್ಕಿಯದು.

ಇದರ ಹಿಂದಿನ ಮನಸ್ಸು ಹೇಗಿತ್ತು? ಹ್ಯೂಬರ್ಟ್ ಹಂಫ್ರಿ ಎಂಬ ಸೆನೆಟರ್ ಇದ್ದರು. ಕರಿಯರ ಹಕ್ಕಿಗಾಗಿ ಧೈರ್ಯವಾಗಿ ಮಾತನಾಡಿದವರು, ಹಸಿದವರಿಗೆ ಅನ್ನ ಕಳಿಸಬೇಕೆಂದು ವಾದಿಸಿದವರಲ್ಲಿ ಮುಂದಿನವರು. ಅವರೇ 1957ರಲ್ಲಿ, ಜನ ಅನ್ನಕ್ಕಾಗಿ ನಮ್ಮನ್ನು ಅವಲಂಬಿಸುವುದು ಒಳ್ಳೆಯ ಸುದ್ದಿಯೇ, ಅವಲಂಬಿಸಿದವರು ನಮ್ಮ ಮಾತು ಕೇಳುತ್ತಾರೆ ಎಂಬರ್ಥದ ಮಾತನ್ನೂ ಆಡಿದರು. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಅಡಿಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಕರುಣೆಯಿದ್ದವನು ಒಬ್ಬ, ಕಪಟಿ ಇನ್ನೊಬ್ಬ ಎಂದಿದ್ದರೆ ನಮಗೆ ಎಷ್ಟು ಸುಲಭವಾಗುತ್ತಿತ್ತು! ಇಲ್ಲಿ ಎರಡೂ ಒಬ್ಬನೇ ಮನುಷ್ಯನಲ್ಲಿ, ಒಂದೇ ಎದೆಯಲ್ಲಿ.

ಈಗ ಗಾಜರ್ ಗವತ್. ಕನ್ನಡದಲ್ಲಿ ಕಾಂಗ್ರೆಸ್ ಗಿಡ, ಶಾಸ್ತ್ರದ ಹೆಸರು ಪಾರ್ಥೇನಿಯಂ. ಮುಟ್ಟಿದರೆ ತುರಿಕೆ, ಉಸಿರಾಡಿದರೆ ದಮ್ಮು. ಪಿ.ಎಲ್. 480 ಗೋಧಿಯಲ್ಲಿ ಬೆರೆತು ಬಂದಿತೆಂದು ನಾವೆಲ್ಲ ಕೇಳಿಕೊಂಡೇ ಬೆಳೆದವರು. ನಾನೂ ಹತ್ತು ಜನಕ್ಕೆ ಹೇಳಿದ್ದೇನೆ. ಆದರೆ ಸಸ್ಯಶಾಸ್ತ್ರಜ್ಞರು ಅದನ್ನು ಗುರುತಿಸಿದ್ದು 1955ರಲ್ಲಿ, ಎಲ್ಲಿ ಗೊತ್ತೇ? ನಮ್ಮ ಪುಣೆಯಲ್ಲೇ. ಪಿ.ಎಲ್. 480ರ ಮೊದಲ ಒಪ್ಪಂದ 1956ರ ಆಗಸ್ಟಿನದು ಎಂದು ಈಗಷ್ಟೇ ಹೇಳಿದೆನಲ್ಲ! ಹಡಗು ಹೊರಡುವ ಮೊದಲೇ ಕಳೆ ಹುಟ್ಟಿತ್ತು. ಹಳೆಯ ಸಸ್ಯಸಂಗ್ರಹಗಳಲ್ಲಿ 19ನೆಯ ಶತಮಾನದ ಭಾರತದ ಮಾದರಿಗಳೂ ಸಿಕ್ಕಿವೆ. ಹಾಗೆಂದು ಅಮೆರಿಕದ ಗೋಧಿ ಪೂರ್ತಿ ನಿರಪರಾಧಿ ಎನ್ನಲಾರೆ, 1951ರ ಸಾಲದ ಗೋಧಿಯೂ ಇತ್ತು, ಮುಂದೆ ಬಂದ ಮೂಟೆಗಳಲ್ಲೂ ಬೀಜ ಇದ್ದಿರಬಹುದು. ಆದರೆ ನಮ್ಮ ಕಥೆ ನಾವು ತಿಳಿದಷ್ಟು ನೇರವಾಗಿಲ್ಲ.

ತಾರೀಖುಗಳನ್ನು ಪಕ್ಕ ಪಕ್ಕ ಇಟ್ಟು ನೋಡುವ ಈ ಸಣ್ಣ ಕೆಲಸವೇ ಇತಿಹಾಸಕಾರರ ದೊಡ್ಡ ಆಯುಧ. ಮಾರ್ಷಲ್ ಯೋಜನೆ ಯೂರೋಪನ್ನು ಬದುಕಿಸಿತು ಎಂದು ಎಲ್ಲರೂ ಹೇಳುತ್ತಿದ್ದಾಗ, ಅಲನ್ ಮಿಲ್ವರ್ಡ್ ಎಂಬ ಇಂಗ್ಲಿಷ್ ಇತಿಹಾಸಕಾರ 1984ರ ತನ್ನ ಪುಸ್ತಕದಲ್ಲಿ, ಡಾಲರು ಬರುವ ಮೊದಲೇ ಅಲ್ಲಿನ ಕಾರ್ಖಾನೆಗಳು ಚೇತರಿಸಿಕೊಳ್ಳತೊಡಗಿದ್ದವು ಎಂದು ಅಂಕಿಗಳಿಂದ ತೋರಿಸಿದ. ಬಿ.ಎ.ಯಲ್ಲಿ ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ. ಇತಿಹಾಸವೆಂದರೆ ಇಸವಿಗಳ ಬಾಯಿಪಾಠ ಎಂದು ಅಸಡ್ಡೆ ಮಾಡಿದ್ದೆ. ಇಸವಿಗೆ ಇಷ್ಟು ಹರಿತ ಇರುತ್ತದೆಂದು ಯಾರೂ ಹೇಳಿರಲಿಲ್ಲ.

ಇದೇ ಆಯುಧ ಹಿಡಿದು 1965ಕ್ಕೆ ಬನ್ನಿ. ಕಥೆಯ ತಿರುಳು ಇಲ್ಲಿದೆ.

ಆ ವರ್ಷ ಮಳೆ ಕೈಕೊಟ್ಟಿತು, ಮರುವರ್ಷವೂ ಕೈಕೊಟ್ಟಿತು. ಹಿಂದಿನ ವರ್ಷ 890 ಲಕ್ಷ ಟನ್ ಇದ್ದ ಆಹಾರಧಾನ್ಯದ ಉತ್ಪಾದನೆ 720 ಲಕ್ಷ ಟನ್ನಿಗೆ ಕುಸಿಯಿತು. ಜೊತೆಗೆ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಲಾಲ್ ಬಹಾದುರ್ ಶಾಸ್ತ್ರಿ ಕೇಳಿಕೊಂಡರು, ಜನ ಬಿಟ್ಟರು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ದೀರ್ಘಾವಧಿ ಒಪ್ಪಂದ ಮಾಡಲಿಲ್ಲ. ಗೋಧಿಯ ಹಡಗುಗಳನ್ನು ತಿಂಗಳು ತಿಂಗಳು ಲೆಕ್ಕ ಹಾಕಿ, ಸ್ವತಃ ತಾವೇ ನೋಡಿ ಬಿಡುತ್ತಿದ್ದರು. ಅದಕ್ಕೆ ಗಿಡ್ಡ ಹಗ್ಗದ ನೀತಿ ಎಂದೇ ಹೆಸರಾಯಿತು. ದನವನ್ನು ಗೂಟಕ್ಕೆ ಕಟ್ಟುವ ಹಗ್ಗ! ನಮ್ಮದು 'ಹಡಗಿನಿಂದ ಬಾಯಿಗೆ' ಎನ್ನುವ ಬದುಕಾಯಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದೆವು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ಮರುತಿಂಗಳು ಇಂದಿರಾ ಗಾಂಧಿ ಮಾಸ್ಕೋದಲ್ಲಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಬೇಕೆಂದಾಗ ಜಾನ್ಸನ್ ಸಿಡಿಮಿಡಿಗೊಂಡರು. ಪೋಪರೂ ವಿಶ್ವಸಂಸ್ಥೆಯ ಕಾರ್ಯದರ್ಶಿಯೂ ಅದನ್ನೇ ಹೇಳಿದ್ದಾರಲ್ಲ ಎಂದು ನೆನಪಿಸಿದಾಗ, ಅವರಿಗೆ ನಮ್ಮ ಗೋಧಿ ಬೇಕಿಲ್ಲವಲ್ಲ ಎಂಬ ಉತ್ತರ ಬಂತೆಂದು ಒಂದು ಕಥೆ ಇದೆ.

ಇದು ಹೊರಗಿನ ಅಂಗಳದ ಕಥೆ. ಹಿತ್ತಿಲಿನದು ಬೇರೆ.

1965ರ ನವೆಂಬರಿನಲ್ಲಿ ನಮ್ಮ ಆಹಾರ ಮಂತ್ರಿ ಸಿ. ಸುಬ್ರಹ್ಮಣ್ಯಂ ರೋಮಿನಲ್ಲಿ ಅಮೆರಿಕದ ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್ ಜೊತೆ ಗುಟ್ಟಾಗಿ ಒಂದು ಒಪ್ಪಂದಕ್ಕೆ ಸಹಿ ಮಾಡಿದರು. ಕೃಷಿಗೆ ಹೆಚ್ಚು ಹಣ, ಗೊಬ್ಬರಕ್ಕೆ ಹೆಚ್ಚು ಗಮನ, ಹೊಸ ಬೀಜ ಮುಂತಾದವು ಅದರಲ್ಲಿದ್ದವು. ಅಮೆರಿಕ ಕುತ್ತಿಗೆ ಹಿಡಿದು ಬರೆಸಿಕೊಂಡಿತು ಎಂದು ಸುಲಭವಾಗಿ ಹೇಳಬಹುದು. ಆದರೆ ಇಸವಿ ನೋಡಿ. ರೈತನಿಗೆ ಸರಿಯಾದ ಬೆಲೆ ಕೊಡಿಸುವ ಕೃಷಿ ಬೆಲೆ ಆಯೋಗ, ಧಾನ್ಯ ಕೊಂಡು ಕಾಪಿಡುವ ಭಾರತ ಆಹಾರ ನಿಗಮ, ಎರಡೂ ಹುಟ್ಟಿದ್ದು ಅದೇ 1965ರ ಜನವರಿಯಲ್ಲಿ. ಅಂದರೆ ಜಾನ್ಸನ್ನರ ಹಗ್ಗಕ್ಕೂ ಮೊದಲು, ರೋಮಿಗೂ ಮೊದಲು. ಸುಬ್ರಹ್ಮಣ್ಯಂ ಅವರಿಗೆ ಬೇಕಿದ್ದದ್ದು ಅದೇ. ಅಡ್ಡಿ ಇದ್ದದ್ದು ದೆಹಲಿಯೊಳಗೆ. ಗೊಬ್ಬರಕ್ಕೆ ಅಷ್ಟು ವಿದೇಶಿ ಹಣ ಎಲ್ಲಿಂದ ತರಲಿ ಎಂದು ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ, ನಮಗೆ ಕಾರ್ಖಾನೆ ಮೊದಲು ಎಂದು ಯೋಜನಾ ಆಯೋಗ. ಆಗ ಹೊರಗಿನವರ ಷರತ್ತು ಒಳಗಿನ ಜಗಳ ಗೆಲ್ಲಲು ಒಂದು ಊರುಗೋಲಾಯಿತು. ಅತ್ತೆ ಒಪ್ಪದ ಮಾತನ್ನು ಪುರೋಹಿತರ ಬಾಯಿಂದ ಹೇಳಿಸುವ ಸೊಸೆಯರನ್ನು ನಾನು ನೋಡಿದ್ದೇನೆ, ಅರ್ಥವಾಗದ ವಿಷಯವೇನಲ್ಲ.

ಎಂಗರ್‌ಮನ್ ಹೇಳುವ ಮುಖ್ಯ ಮಾತು ಇದು. ನಾವು ಕೈಚಾಚಿ ನಿಂತ ಗೊಂಬೆಗಳಾಗಿರಲಿಲ್ಲ. ಯಾರ ಹತ್ತಿರ ಏನು ಕೇಳಬೇಕು ಎಂದು ತಿಳಿದವರಾಗಿದ್ದೆವು. ಭಿಲಾಯಿಯ ಉಕ್ಕಿನ ಕಾರ್ಖಾನೆಗೆ 1955ರಲ್ಲಿ ರಷ್ಯಾದ ಜೊತೆ ಒಪ್ಪಂದವಾಯಿತು. ಬೊಕಾರೊ ಕಾರ್ಖಾನೆಗೆ ಅಮೆರಿಕದ ಸಂಸತ್ತು ಮೂಗು ಮುರಿದಾಗ 1963ರಲ್ಲಿ ಅರ್ಜಿ ಹಿಂದಕ್ಕೆ ಪಡೆದು ರಷ್ಯಾದ ಕಡೆ ಹೋದೆವು. ಆದರೆ, ಮತ್ತು ಇದೇ ಆತ ಹೇಳುವ 'ಬೆಲೆ', ಒಂದೊಂದು ಇಲಾಖೆಯೂ ತನ್ನದೇ ಒಬ್ಬ ವಿದೇಶಿ ಗೆಳೆಯನನ್ನು ಹಿಡಿದುಕೊಂಡಾಗ ಮನೆಯ ಜಗಳ ಮನೆಯಲ್ಲಿ ತೀರದೆ ಹೊರಗಿನವರ ಪಂಚಾಯಿತಿಗೆ ಹೋಗುತ್ತದೆ. ಕೂಡಿ ಕುಳಿತು ತೀರ್ಮಾನಿಸುವ ಅಭ್ಯಾಸ ಸವೆಯುತ್ತದೆ. ಗೋಧಿ ಕೊಳೆತಿತ್ತೋ ಇಲ್ಲವೋ ಎನ್ನುವುದಕ್ಕಿಂತ ಈ ಸವೆತ ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಅಗ್ಗದ ಗೋಧಿ ಬಂದು ಸುರಿದರೆ ನಿಮ್ಮದೇ ರೈತನ ಬೆಲೆ ಬೀಳುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಜ್ 1960ರಲ್ಲೇ ಎಚ್ಚರಿಸಿದ್ದರು. ಅದಕ್ಕೆ ನಾವು ಕಿವಿಗೊಟ್ಟದ್ದು ನಿಧಾನ.

ಹುಡುಗಿಯ ಪಕ್ಷದ ಲೆಕ್ಕವೂ ಇದೆ. 1966ರಲ್ಲಿ ಸುಮಾರು 100 ಲಕ್ಷ ಟನ್ ಧಾನ್ಯ ಹೊರಗಿನಿಂದ ಬಂತು. ಅಮೆರಿಕದ ಗೋಧಿ ಬೆಳೆಯ ಐದನೆಯ ಒಂದು ಪಾಲಿನಷ್ಟು ಇಲ್ಲಿಗೇ ಬಂತು. ಬಿಹಾರದ ಜನ ಅದನ್ನು ಉಂಡು ಬದುಕಿದರು. ಅದೇ ವರ್ಷ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ತಳಿಯ ಬಿತ್ತನೆ ಗೋಧಿ ತರಿಸಿದೆವು. ನಾರ್ಮನ್ ಬೋರ್ಲಾಗ್ ಬೆಳೆಸಿದ ತಳಿಗಳು, ಇಲ್ಲಿ ಎಂ.ಎಸ್. ಸ್ವಾಮಿನಾಥನ್ ಮತ್ತು ಜೊತೆಗಾರರು ಹೊಲಕ್ಕೆ ಒಯ್ದದ್ದು. 1968ರಲ್ಲಿ ಗೋಧಿ ಸುಮಾರು 165 ಲಕ್ಷ ಟನ್ ಬೆಳೆದು, ಇಡಲು ಜಾಗ ಸಾಲದೆ ಶಾಲೆಗಳಿಗೆ ರಜೆ ಕೊಟ್ಟು ಕೋಣೆಗಳಲ್ಲಿ ತುಂಬಿದರು. 1971ರ ಕೊನೆಗೆ ಪಿ.ಎಲ್. 480ರ ರಿಯಾಯಿತಿ ಗೋಧಿ ನಿಂತಿತು. ಆ ಡಿಸೆಂಬರಿನ ಬಾಂಗ್ಲಾ ಯುದ್ಧದಲ್ಲಿ ಅಮೆರಿಕ ಬೇರೆ ನೆರವನ್ನೂ ತಡೆಹಿಡಿಯಿತು. ಡಬ್ಬಿಯಲ್ಲಿ ಉಳಿದಿದ್ದ ರೂಪಾಯಿಯ ಕಥೆಯೂ ಕೇಳಿ: 1974ರ ಫೆಬ್ರವರಿ 18ರಂದು ರಾಯಭಾರಿ ಮೊಯ್ನಿಹನ್ ನಮ್ಮ ಸರ್ಕಾರಕ್ಕೆ 1,664 ಕೋಟಿ ರೂಪಾಯಿಯ ಒಂದೇ ಚೆಕ್ಕು ಬರೆದು ಆ ಲೆಕ್ಕದ ಬಹುಪಾಲನ್ನು ಮುಗಿಸಿದರು. ಅಂಥ ದೊಡ್ಡ ಚೆಕ್ಕು ಇಲ್ಲವೆಂದು ಗಿನ್ನೆಸ್ ಪುಸ್ತಕ ಅದನ್ನು ಬರೆದುಕೊಂಡಿತು.

ನನ್ನ ಪಾಲಿನ ಸಾಕ್ಷಿಯನ್ನೂ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನ ಹಳದಿ ಬಣ್ಣದ ಉಪ್ಪಿಟ್ಟು ಕೊಡುತ್ತಿದ್ದರು. 'ಕೇರ್' ಸಂಸ್ಥೆಯವರು ಕಳಿಸಿದ ರವೆ, ಅದೇ ಕಾನೂನಿನ ಇನ್ನೊಂದು ಕಲಮಿನಡಿ ಪುಕ್ಕಟೆ ಬಂದದ್ದು. ಚೀಲದ ಮೇಲೆ ಒಂದನ್ನೊಂದು ಹಿಡಿದ ಎರಡು ಕೈಗಳ ಚಿತ್ರ. ಅಮೆರಿಕದ ಜನರ ಕೊಡುಗೆ, ಮಾರುವಂತಿಲ್ಲ ಎಂಬ ಬರಹ. ಇಂಗ್ಲಿಷ್ ಓದಲು ಬಾರದ ನಮಗೆ ಎರಡು ಕೈ ಎಂದರೆ ಉಪ್ಪಿಟ್ಟು, ಅಷ್ಟೆ. ಸಾಸಿವೆ ಒಗ್ಗರಣೆ ಹಾಕಿದ ಆ ಉಪ್ಪಿಟ್ಟಿನ ವಾಸನೆ ಬಂದರೆ ಮೂರನೆಯ ಪೀರಿಯಡ್ಡಿನ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ನಮ್ಮ ತಾಯಿ ಮಾತ್ರ ಅದನ್ನು ಇಷ್ಟಪಡುತ್ತಿರಲಿಲ್ಲ. 1966ರಲ್ಲಿ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ತಂದ ಕೆಂಪು ಗೋಧಿಯ ನೆನಪು ಆಕೆಗೆ. ಚಪಾತಿ ಮಾಡಿದರೆ ಹಪ್ಪಳದಂತೆ ಸೆಟೆಯುತ್ತಿತ್ತಂತೆ. ಮನೆಯಲ್ಲಿ ಮಾಡಿಕೊಡುತ್ತೇನೆ, ಅಲ್ಲಿ ತಿನ್ನಬೇಡ ಎನ್ನುತ್ತಿದ್ದಳು. ನಾನು ತಿಂದೇ ಬರುತ್ತಿದ್ದೆ. ತಾಯಿಯ ಅವಮಾನವೂ ನಿಜ, ನನ್ನ ಹಸಿವೂ ನಿಜ. ಚೀಲ ಒಂದೇ ಬಗೆಯದು.

ಈಗ ಇಂದಿನ ವಿಷಯ, ಬೇಗ ಮುಗಿಸುತ್ತೇನೆ. ಯು.ಎಸ್. ಏಡ್ ಅನ್ನು ಅಧ್ಯಕ್ಷ ಕೆನಡಿ 1961ರ ನವೆಂಬರ್ 3ರಂದು ಸ್ಥಾಪಿಸಿದರು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ವಿದೇಶಿ ನೆರವನ್ನು ತಡೆಹಿಡಿದರು. ಮಾರ್ಚಿಯಲ್ಲಿ 100ಕ್ಕೆ 83 ಯೋಜನೆಗಳು ರದ್ದಾದವೆಂದು ವಿದೇಶಾಂಗ ಮಂತ್ರಿ ರೂಬಿಯೊ ಪ್ರಕಟಿಸಿದರು. ಜುಲೈ 1ಕ್ಕೆ ಸಂಸ್ಥೆಯ ಬಾಗಿಲು ಮುಚ್ಚಿ, ಉಳಿದ ಕೆಲಸ ಅವರ ಇಲಾಖೆಗೆ ಸೇರಿತು. ತಮ್ಮ ಸರ್ಕಾರದ ಖರ್ಚಿನಲ್ಲಿ ನೆರವಿನ ಪಾಲೆಷ್ಟು ಎಂದು ಅಮೆರಿಕದ ಜನರನ್ನು ಕೇಳಿದರೆ, ಸರಾಸರಿ ಕಾಲು ಭಾಗ ಎಂದು ಊಹಿಸುತ್ತಾರೆಂದು ಸಮೀಕ್ಷೆಗಳು ತೋರಿಸಿವೆ. ನಿಜವಾಗಿ ಇದ್ದದ್ದು 100ಕ್ಕೆ 1ರ ಆಸುಪಾಸು. ಕೊಟ್ಟವರೂ ತಮ್ಮ ದಟ್ಟಿಯನ್ನು ಅಳೆದು ನೋಡಿರಲಿಲ್ಲ!

ಹುಡುಗಿಗೆ ನನ್ನ ಉತ್ತರ: ಹಣ ಕೊಟ್ಟವರ ಮನಸ್ಸಿನಲ್ಲಿ ಏನಿತ್ತೆಂಬುದು ಒಂದು ಲೆಕ್ಕ, ನೀನು ಹಂಚಿದ ಮಾತ್ರೆ ರೋಗಿಯ ಎದೆಯಲ್ಲಿ ಏನು ಮಾಡಿತೆಂಬುದು ಇನ್ನೊಂದು ಲೆಕ್ಕ. ಎರಡನೆಯದರ ವಹಿ ನಿನ್ನ ಹತ್ತಿರವೇ ಇದೆಯಲ್ಲ, ಅದನ್ನು ಎಸೆಯಬೇಡ, ಬರೆದಿಡು. ಹುಡುಗನಿಗೆ: ಅಜ್ಜಿ ಹೇಳಿದ್ದು ಸುಳ್ಳಲ್ಲ ಕಣಪ್ಪ, ಆದರೆ ಗಾಜರ್ ಗವತ್ತಿನ ಇಸವಿ ಇನ್ನೊಮ್ಮೆ ನೋಡು.

ಇನ್ನೊಂದು ಮಾತು ಬಿಟ್ಟೇಹೋಗಿತ್ತು. ಆ ಡಬ್ಬಿಯ ರೂಪಾಯಿಯಲ್ಲಿ 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನವರು ಭಾರತದ ಭಾಷೆಗಳ ಪುಸ್ತಕಗಳನ್ನು ಕೊಂಡು ತಮ್ಮ ವಿಶ್ವವಿದ್ಯಾಲಯಗಳಿಗೆ ಕಳಿಸತೊಡಗಿದರು. ಕನ್ನಡದ ಪುಸ್ತಕಗಳೂ ಹೋದವು. ನಮ್ಮವರು ಗೋಧಿ ಉಂಡ ಹಣದಲ್ಲಿ ನಮ್ಮ ಕಥೆ ಕಾದಂಬರಿಗಳು ಹಡಗು ಹತ್ತಿದವು. ಷಿಕಾಗೋ ಕಡೆ ಓದಲು ಹೋದವರು ಅಲ್ಲಿನ ಲೈಬ್ರರಿಯ ಕನ್ನಡ ಕಪಾಟಿಗೆ ಒಮ್ಮೆ ಕೈಹಾಕಿ ನೋಡಿ.

ಎಂಗರ್‌ಮನ್ ಪುಸ್ತಕದ ನನ್ನ ಪ್ರತಿಯನ್ನು ಹುಡುಗಿ ಒಯ್ದಿದ್ದಾಳೆ, ಅವಳ ನಂತರ ಹುಡುಗನ ಸರದಿ. ಅಷ್ಟರಲ್ಲಿ ನೀವು ಒಂದು ಕೆಲಸ ಮಾಡಿ. ಮನೆಯಲ್ಲಿ ಅಜ್ಜಿ ಅಜ್ಜ ಇದ್ದರೆ ಕೆಂಪು ಗೋಧಿ, ಹಾಲಿನ ಪುಡಿ, ಶಾಲೆಯ ಉಪ್ಪಿಟ್ಟು, 1972ರ ಬರದ ಮಿಲೋ ಜೋಳ, ಯಾವುದು ನೆನಪಿದೆಯೋ ಕೇಳಿ ಒಂದು ಪುಟ ಬರೆದು ಕಳಿಸಿ. ಯಾವ ಊರು, ಯಾವ ವರ್ಷ ಎಂಬುದನ್ನು ಮರೆಯದೆ ಹಾಕಿ. ಬಂದದ್ದನ್ನೆಲ್ಲ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲು ಸಂಪಾದಕರು ಒಪ್ಪಿದ್ದಾರೆ.